ಒಂದು ಸಾಲು, ಹದಿನಾಲ್ಕು ಸಂಪುಟ

ಕಳೆದ ಭಾನುವಾರ ಅಣ್ಣನ ಮಗಳು ಒಂದು ಪಟ್ಟಿಯನ್ನು ತಂದು ನನ್ನ ಮುಂದಿಟ್ಟು, "ಚಿಕ್ಕಪ್ಪ, ಇದರಲ್ಲಿ ನೀವು ಓದಿರುವುದಕ್ಕೆಲ್ಲ ಗುರುತು ಹಾಕಿ ಕೊಡಿ" ಎಂದಳು. ಅಮೆರಿಕದ ಎನ್‌ಪಿಆರ್ ರೇಡಿಯೊ ಸಂಸ್ಥೆ 2011ರಲ್ಲಿ 60,000ಕ್ಕೂ ಹೆಚ್ಚು ಓದುಗರಿಂದ ಮತ ಹಾಕಿಸಿ ಸಿದ್ಧಪಡಿಸಿದ ನೂರು ವೈಜ್ಞಾನಿಕ ಮತ್ತು ಫ್ಯಾಂಟಸಿ ಕೃತಿಗಳ ಪಟ್ಟಿ ಅದು. ರಾಕೆಟ್ಟುಗಳನ್ನೆಲ್ಲ ಹೊಡೆದುಹಾಕಿ ಮಾಂತ್ರಿಕರನ್ನು ಮಾತ್ರ ಆಕೆ ಉಳಿಸಿದ್ದಳು. ತನ್ನ ಗುರುತುಗಳನ್ನು ನೀಲಿ ಶಾಯಿಯಲ್ಲಿ ಮೊದಲೇ ಹಾಕಿಕೊಂಡಿದ್ದರಿಂದ, ಇದು ಸಾಹಿತ್ಯ ಸಮೀಕ್ಷೆಯಲ್ಲ, ಸ್ಪರ್ಧೆ ಎಂಬುದು ನನಗೆ ಕೂಡಲೇ ತಿಳಿಯಿತು. ನಾನು ಪೆನ್ಸಿಲನ್ನು ಆರಿಸಿಕೊಂಡೆ.

ಮೊದಲ ಸಾಲಿನಲ್ಲಿ 'ದ ಲಾರ್ಡ್ ಆಫ್ ದ ರಿಂಗ್ಸ್' ಇತ್ತು. ಟೋಲ್ಕಿನ್ ಒಂದೇ ಕೃತಿಯೆಂದು ಬರೆದದ್ದನ್ನು ಪ್ರಕಾಶಕರು 1954–55ರಲ್ಲಿ ಮೂರು ಸಂಪುಟಗಳಾಗಿ ಹೊರತಂದರಾದ್ದರಿಂದ, ಮೂರು ಪುಸ್ತಕಕ್ಕೆ ಒಂದೇ ಗುರುತು ಎಂಬುದು ನ್ಯಾಯವೇ ಸರಿ. ನನ್ನ ಅಸಮಾಧಾನ ಆರಂಭವಾದದ್ದು ಅದರ ಕೆಳಗೆ, ಇಡೀ ಸರಣಿಗಳನ್ನು ಒಂದೊಂದು ಸಾಲಿನಲ್ಲಿ ಮಡಚಿಟ್ಟಿರುವುದನ್ನು ಕಂಡಾಗ. 'ಎ ಸಾಂಗ್ ಆಫ್ ಐಸ್ ಆ್ಯಂಡ್ ಫೈರ್' ಸರಣಿಯ ಮೊದಲ ಸಂಪುಟ ಬಂದದ್ದು 1996ರಲ್ಲಿ, ಐದನೆಯದು ಪಟ್ಟಿ ಹೊರಬಂದ 2011ರಲ್ಲಿಯೇ; ಆರನೆಯದು ಇನ್ನೂ ಬರಬೇಕು. ಬರೆದವರೇ ಮುಗಿಸದಿರುವುದನ್ನು ಓದಿ ಮುಗಿಸಿದ್ದೇನೆಂದು ನಾನು ಗುರುತು ಹಾಕುವುದಾದರೂ ಹೇಗೆ? ಛಾವಣಿಯಿಲ್ಲದ ಮನೆಗೆ ಗೃಹಪ್ರವೇಶ ಮಾಡಿ ಹೋಳಿಗೆ ಬಡಿಸಿದಂತಾಯಿತು. ಪ್ಯಾಟ್ರಿಕ್ ರಾತ್‌ಫಸ್ ಅವರ ಸರಣಿಯಲ್ಲಿಯಂತೂ ನಾಯಕನು ತನ್ನ ಕಥೆಯನ್ನು ಮೂರು ದಿನಗಳಲ್ಲಿ ಹೇಳುವುದಾಗಿ ಮಾತು ಕೊಟ್ಟು ಕುಳಿತಿದ್ದಾನೆ. ದಿನಕ್ಕೊಂದು ಸಂಪುಟ, ಎರಡು ದಿನ ಮುಗಿದಿವೆ, ಮೂರನೆಯ ದಿನದ ಸೂರ್ಯೋದಯಕ್ಕೆ ಓದುಗರು 2011ರಿಂದ ಕಾಯುತ್ತಿದ್ದಾರೆ. ನಮ್ಮ ಬೇತಾಳ ಎಷ್ಟೇ ಕಾಟ ಕೊಟ್ಟರೂ ಕಥೆಯನ್ನು ಅರ್ಧಕ್ಕೆ ಬಿಟ್ಟು ಮರಕ್ಕೆ ಹಾರಿದವನಲ್ಲ. ಮುಗಿಸಿ, ಪ್ರಶ್ನೆ ಕೇಳಿ, ಉತ್ತರ ಪಡೆದೇ ಹಾರುತ್ತಿದ್ದ.

ಟೆರಿ ಪ್ರ್ಯಾಚೆಟ್ ಅವರ ಕೃತಿಗಳು ಮಾತ್ರ ಬಿಡಿಬಿಡಿಯಾಗಿ ಪಟ್ಟಿಯಲ್ಲಿರುವುದರಿಂದ ಅಲ್ಲಿ ತಕರಾರಿಗೆ ಅವಕಾಶವಿರಲಿಲ್ಲ. ಅವರ ಜಗತ್ತನ್ನು ನಾಲ್ಕು ಆನೆಗಳು ಹೊತ್ತಿವೆ, ಆ ಆನೆಗಳನ್ನು ಒಂದು ಆಮೆ ಹೊತ್ತಿದೆ. ಅಷ್ಟದಿಗ್ಗಜಗಳ ಲೆಕ್ಕದಲ್ಲಿ ಬೆಳೆದ ನನಗೆ ಅರ್ಧದಷ್ಟು ಆನೆಗಳನ್ನು ಉಳಿತಾಯ ಮಾಡಿದಂತೆ ಕಂಡರೂ ಸಂತೋಷದಿಂದಲೇ ಎರಡು ಗುರುತು ಹಾಕಿದೆ.

ಪೆನ್ಸಿಲು ನಿಂತದ್ದು 'ದ ವೀಲ್ ಆಫ್ ಟೈಮ್' ಎಂಬ ಸಾಲಿನ ಮುಂದೆ. ಹದಿನಾಲ್ಕು ಸಂಪುಟ. 1990ರಲ್ಲಿ ಆರಂಭಿಸಿದ ರಾಬರ್ಟ್ ಜೋರ್ಡನ್ 2007ರಲ್ಲಿ ತೀರಿಕೊಂಡ ಮೇಲೆ, ಅವರು ಬಿಟ್ಟುಹೋದ ಟಿಪ್ಪಣಿಗಳ ಆಧಾರದಿಂದ ಬ್ರ್ಯಾಂಡನ್ ಸ್ಯಾಂಡರ್ಸನ್ ಕೊನೆಯ ಮೂರನ್ನು ಬರೆದು 2013ರಲ್ಲಿ ಮುಗಿಸಿದರು. ಇದರಲ್ಲಿ ನಾನು ಓದಿರುವುದು ಎರಡು. ಅದಕ್ಕೆ ಕಾರಣ ನಾನಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ಶಿವಮೊಗ್ಗದ ಗಲ್ಲಿಯೊಂದರಲ್ಲಿ ಬಾಡಿಗೆ ಪುಸ್ತಕಗಳ ಅಂಗಡಿಯಿತ್ತು. ಬೆಂಗಳೂರಿನ ಅವೆನ್ಯೂ ರಸ್ತೆಯಿಂದ ಹಳೆಯ ಪುಸ್ತಕಗಳ ಗಂಟನ್ನು ಹೊತ್ತು ತರುತ್ತಿದ್ದ ಮಾಲೀಕರ ಬಳಿ ಈ ಸರಣಿಯ ಒಂದು, ಎರಡು ಮತ್ತು ನಾಲ್ಕನೆಯ ಸಂಪುಟಗಳಿದ್ದವು. ಹೆಸರುಗಳ ನೆತ್ತಿಯ ಮೇಲೆ ನೇತಾಡುವ ಅಲ್ಪವಿರಾಮಗಳನ್ನು ಹೇಗೆ ಉಚ್ಚರಿಸಬೇಕೆಂದು ತಿಳಿಯದೆಯೂ (ನಮ್ಮ ಒತ್ತಕ್ಷರಗಳು ಸಭ್ಯವಾಗಿ ಕೆಳಗೆ ಕುಳಿತುಕೊಳ್ಳುತ್ತವೆ), ನೈನೀವ್ ಎಂಬಾಕೆ ಸಿಟ್ಟು ಬಂದಾಗಲೆಲ್ಲ ತನ್ನ ಜಡೆಯನ್ನು ತಾನೇ ಎಳೆದುಕೊಳ್ಳುವುದನ್ನು ಸಹಿಸಿಕೊಂಡು ಎರಡನ್ನೂ ಓದಿ ಮುಗಿಸಿದೆ. ಮೂರನೆಯದನ್ನು ವಿಮಾ ಕಚೇರಿಯ ಅಧಿಕಾರಿಯೊಬ್ಬರು ಒಯ್ದಿದ್ದರು. "ಬರುತ್ತೆ ಸಾರ್, ಹೋದ ಪುಸ್ತಕ ಬರದೆ ಇರುತ್ತಾ" ಎನ್ನುತ್ತಿದ್ದ ಮಾಲೀಕರು, ಆ ಅಧಿಕಾರಿಗೆ ರಾಯಚೂರಿಗೆ ವರ್ಗವಾಗಿದೆ ಎಂಬುದನ್ನು ಆರು ತಿಂಗಳ ನಂತರ ತಿಳಿಸಿದರು. ಅಷ್ಟೇ ಅಲ್ಲ, "ನಾಲ್ಕನೆಯದನ್ನೇ ಓದಿ ಸಾರ್. ಧಾರಾವಾಹಿಯಲ್ಲಿ ನಾಲ್ಕು ದಿನ ತಪ್ಪಿದರೆ ಏನಾಗುತ್ತೆ? ಆದದ್ದನ್ನೆಲ್ಲ ಅವರೇ ಮತ್ತೆ ಹೇಳ್ತಾರೆ" ಎಂದು ಸಲಹೆಯನ್ನೂ ಕೊಟ್ಟರು. ಒಂದು ಪುಟವನ್ನೂ ಓದದೆ ಆ ಮನುಷ್ಯ ಈ ಬಗೆಯ ಕಾದಂಬರಿಗಳ ರಹಸ್ಯವನ್ನು ಅರಿತಿದ್ದರೆಂದು ಈಗ ಒಪ್ಪಿಕೊಳ್ಳುತ್ತೇನೆ. ಆಗ ಮಾತ್ರ ನನಗೆ ಅವಮಾನವಾದಂತೆನಿಸಿತ್ತು. ಆದರೂ ನಾಲ್ಕನೆಯದನ್ನು ಮುಂಜಾಗ್ರತೆಯಾಗಿ ಮನೆಗೆ ತಂದಿಟ್ಟುಕೊಂಡು, ವಹಿಯಿಂದ ವಿಳಾಸ ಪಡೆದು, ರಾಯಚೂರಿಗೆ ಇನ್‌ಲ್ಯಾಂಡ್ ಪತ್ರವೊಂದನ್ನು ಬರೆದೆ. ಸಾರ್ವಜನಿಕ ಸ್ವತ್ತು, ನಾಗರಿಕ ಜವಾಬ್ದಾರಿ ಮುಂತಾದ ಪದಗಳು ಅದರಲ್ಲಿದ್ದವೆಂದು ನೆನಪು.

ಮೂರು ತಿಂಗಳ ಮೇಲೆ ಉತ್ತರ ಬಂತು. ಪುಸ್ತಕವನ್ನು ತಮ್ಮ ಭಾವಮೈದ ಓದಲೆಂದು ಒಯ್ದಿರುವುದಾಗಿಯೂ, ಅವರು ಈಗ ಮಸ್ಕತ್ತಿನಲ್ಲಿರುವುದಾಗಿಯೂ ವಿವರಿಸಿದ ಆ ಅಧಿಕಾರಿಗಳು ಕೊನೆಯಲ್ಲಿ, "ಅಂದ ಹಾಗೆ, ನಾಲ್ಕನೆಯ ಸಂಪುಟ ಅಂಗಡಿಯಲ್ಲಿದ್ದರೆ ದಯವಿಟ್ಟು ಕಳುಹಿಸಿಕೊಡಲು ಸಾಧ್ಯವೇ? ಅಂಚೆ ವೆಚ್ಚ ನನ್ನದು" ಎಂದು ಕೇಳಿದ್ದರು. ನಾಲ್ಕನೆಯದು ಆಗ ನನ್ನ ಮೇಜಿನ ಮೇಲೆಯೇ ಇತ್ತು. ಅಂಗಡಿಯಲ್ಲಿ ಇಲ್ಲವೆಂದು ಬರೆದು ಕಳುಹಿಸಿದೆ; ಅದು ಸುಳ್ಳಲ್ಲ. ಮುಂದೊಂದು ದಿನ ಅಂಗಡಿಯ ಜಾಗದಲ್ಲಿ ಮೊಬೈಲ್ ರೀಚಾರ್ಜ್ ಅಂಗಡಿ ಬಂದದ್ದರಿಂದ ಆ ಸಂಪುಟವನ್ನು ಹಿಂದಿರುಗಿಸುವ ದಾರಿಯೂ ಮುಚ್ಚಿಹೋಯಿತು. ಅದು ಇಂದಿಗೂ ನನ್ನ ಕಪಾಟಿನಲ್ಲಿದೆ. ಮೂರನೆಯದನ್ನು ಓದದೆ ಅದನ್ನು ತೆರೆಯುವುದಿಲ್ಲ ಎಂಬ ನನ್ನ ನಿಲುವು ಬದಲಾಗಿಲ್ಲ. ಮೂರನೆಯದು ಈಗ ಎಲ್ಲೆಡೆ ಸಿಗುತ್ತದೆ ಎಂಬ ಮಾತನ್ನು ದಯವಿಟ್ಟು ಯಾರೂ ಎತ್ತಬಾರದು.

ಇಷ್ಟನ್ನೂ ಹೇಳಿ, ಆ ಸಾಲಿನ ಮುಂದೆ ಅರ್ಧ ಗುರುತು ಹಾಕಿದೆ. "ಹದಿನಾಲ್ಕರಲ್ಲಿ ಎರಡು ಅಂದರೆ ಏಳನೇ ಒಂದು ಭಾಗ, ಚಿಕ್ಕಪ್ಪ, ಅರ್ಧ ಹೇಗಾಗುತ್ತದೆ?" ಎಂದಳು. ಕಪಾಟಿನಲ್ಲಿರುವುದನ್ನೂ ಸೇರಿಸಿಕೋ ಎಂದೆ. ರಬ್ಬರು ಅವಳ ಕೈಯಲ್ಲಿತ್ತು. ಇನ್ನಷ್ಟು ಕೆಳಗೆ, ಹತ್ತು ಸಂಪುಟಗಳ 'ಮಲಾಜಾನ್' ಒಂದೇ ಸಾಲಿನಲ್ಲಿ ಕಾಲು ಮಡಚಿ ಕುಳಿತಿತ್ತು. ಕಾಫಿ ಆಯಿತೇ ಎಂದು ಅಡುಗೆಮನೆಯತ್ತ ಕೂಗಿ ಕೇಳಿದೆ.