ಪೆಟ್ಟಿಗೆಗೆ ಒಂಬತ್ತು, ಹಾಡಿಗೆ ಆರು

ವಯರಿನ ಇಯರ್‌ಫೋನಿಗೆ ವಿಡಿಯೊ ವಿಮರ್ಶಕರು ಅಂಕ ಹಾಕುವ ಕ್ರಮ ನೀವೂ ನೋಡಿರುತ್ತೀರಿ. ಮೇಲಿನ ಕವಚ ಸರ್ರನೆ ಜಾರಿತು. ಒಳಗಿನ ಮುಚ್ಚಳಕ್ಕೆ ಅಯಸ್ಕಾಂತ ಉಂಟು, ಟಪ್ಪೆಂದು ಕೂರುತ್ತದೆ. ಹತ್ತಕ್ಕೆ ಒಂಬತ್ತು! ಹಾಡು ಹೇಗೆ ಕೇಳುತ್ತದೆ? "ಬೆಲೆಗೆ ತಕ್ಕ ಹಾಗೆ." ಆರು. ಮದುವೆ ಕಾಗದದ ದಪ್ಪ ಹೊಗಳಿ, ಊಟದ ಸುದ್ದಿ ಕೇಳಿದರೆ "ಇತ್ತು" ಎಂದ ಹಾಗೆ.

ಕಾಸರಗೋಡಿನ ಕುಂಬಳೆ ಸೀಮೆಯವರಿಗೆ ಒಡ್ಡೋಲಗ, ಅಂದರೆ ಯಕ್ಷಗಾನದ ವೇಷ ರಂಗಕ್ಕೆ ಬರುವ ಗತ್ತು, ಹೊಸತಲ್ಲ ಮಾರಾಯ್ರೆ, ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು. ಬಣ್ಣದ ವೇಷ ತೆರೆಯ ಹಿಂದೆಯೇ ಎಷ್ಟು ಹೊತ್ತು ಕುಣಿದರೂ ಕಾಯುತ್ತೇವೆ, ಯಾಕೆಂದರೆ ತೆರೆ ಸರಿದಾಗ ಅಲ್ಲಿ ರಾವಣ ಇರುತ್ತಾನೆ. ಇಲ್ಲಿ ಕವಚ, ಪೆಟ್ಟಿಗೆ, ಕಪ್ಪು ಸ್ಪಂಜು, ಅದರಡಿಗೆ ಇನ್ನೊಂದು ಪೆಟ್ಟಿಗೆ ಎಲ್ಲ ಸರಿದ ಮೇಲೆ ಹಲಸಿನ ಬೇಳೆಯಷ್ಟು ದೊಡ್ಡ ಎರಡು ಪ್ಲಾಸ್ಟಿಕ್ ತುಂಡು. ಕೆಲವು ಕವಚಗಳ ಮೇಲೆ ದೊಡ್ಡ ಕಣ್ಣಿನ ಕಾರ್ಟೂನು ಹುಡುಗಿ. ಅವಳ ಕಿವಿ ಕೂದಲಿನೊಳಗೆ. ಪಕ್ಕದಲ್ಲಿ ಚಿನ್ನದ ಬಣ್ಣದ "ಹೈ-ರೆಸ್" ಚೀಟಿ, 40 ಕಿಲೋಹರ್ಟ್ಸ್ ವರೆಗೆ ನುಡಿಯುತ್ತದಂತೆ. ಮನುಷ್ಯನ ಕಿವಿ ಎಳವೆಯಲ್ಲೇ 20ರ ಹತ್ತಿರ ನಿಲ್ಲುತ್ತದೆ, ಪ್ರಾಯ ಹೋದ ಹಾಗೆ ಅದೂ ಇಳಿಯುತ್ತದೆ. ಉಳಿದದ್ದು ಬಾವಲಿಗಳಿಗೆ.

ಪ್ಯಾಕಿಂಗಿಗೆ ಅಂಕ ಕೊಡಲೇಬೇಕೆಂದಿದ್ದರೆ ನಮ್ಮಲ್ಲಿ ಅಕ್ಕಿ ಮುಡಿ ಇತ್ತು. ಬೈಹುಲ್ಲು ಹರಡಿ, ಅಕ್ಕಿ ಸುರಿದು, ಹುಲ್ಲಿನ ಹಗ್ಗದಲ್ಲಿ ಬಿಗಿದು, ಬಡಿದು ಉರುಟು ಮಾಡಿದರೆ 42 ಸೇರು, ಅಂದರೆ ಮೂರು ಕಳಸೆ, ಮಳೆಗಾಲ ದಾಟಿಸುತ್ತಿತ್ತು. ಒಳಗಿನದ್ದನ್ನು ಕಾಯುವುದೇ ಅದರ ಕೆಲಸ. ಬಿಚ್ಚುವುದನ್ನು ಯಾರೂ ಚಿತ್ರ ಹಿಡಿಯಲಿಲ್ಲ. ಬಿಚ್ಚಿದ ಹುಲ್ಲಿಗೆ ಕೊಟ್ಟಿಗೆಯಲ್ಲಿ ಗಿರಾಕಿ ಇತ್ತು.

ಇರಲಿ, ಒಳಗಿನ ಸಾಮಾನಿಗೆ ಬರುವ. ಕಿವಿಗೆ ತುರುಕುವ ರಬ್ಬರು, ವಿಮರ್ಶಕರ ಬಾಯಲ್ಲಿ ಟಿಪ್, "ಒಂಬತ್ತು ಜೊತೆ ಕೊಟ್ಟಿದ್ದಾರೆ!" ಬಿಡಿಸಿ ನೋಡಿದರೆ ಒಂದೇ ಅಚ್ಚಿನ ಸಣ್ಣ, ಮಧ್ಯಮ, ದೊಡ್ಡ, ಬಣ್ಣ ಮಾತ್ರ ಮೂರು. ರಬ್ಬರು ಕಿವಿಯ ತೂತನ್ನು ಗಾಳಿ ಹೋಗದಂತೆ ಮುಚ್ಚದಿದ್ದರೆ ಬೇಸ್, ಅಂದರೆ ತಗ್ಗಿನ ದನಿ, ಇಡೀ ಸೋರಿ, ಮದ್ದಳೆ ಹೋಗಿ ಚಕ್ರತಾಳ ಮಾತ್ರ ಉಳಿಯುತ್ತದೆ. ಆಗ "ಇದರಲ್ಲಿ ಬೇಸೇ ಇಲ್ಲ" ಎಂದು ಎರಡು ನಕ್ಷತ್ರ. ಹಾಡು ಹಾಕಿ ಇಯರ್‌ಫೋನನ್ನು ಬೆರಳಿನಿಂದ ಮೆಲ್ಲ ಒಳಗೊತ್ತಿ. ಬೇಸ್ ಥಟ್ಟನೆ ಎದ್ದು ಬಂದರೆ ರಬ್ಬರಿನ ಅಳತೆ ಸರಿಯಿಲ್ಲ. ಎಡಗಿವಿಗೆ ಮಧ್ಯಮ, ಬಲಗಿವಿಗೆ ದೊಡ್ಡದು ಬೇಕಾಗುವುದೂ ಮಾಮೂಲು. ಸ್ಪಂಜಿನ ಟಿಪ್ ಒಂದು ಜೊತೆ ಇದ್ದರೆ ಬೆರಳಲ್ಲಿ ಹೊಸೆದು ಸಪುರ ಮಾಡಿ, ಕಿವಿಗೆ ಹಾಕಿ, ಉಬ್ಬುವ ತನಕ ಅರ್ಧ ನಿಮಿಷ ಹಿಡಿಯಬೇಕು. ಬೆವರು, ಗುಗ್ಗೆ ಕುಡಿದು ಕೆಲವೇ ತಿಂಗಳಲ್ಲಿ ಅದು ಹಾಳಾಗುತ್ತದೆ. ಆಟಿ ತಿಂಗಳ ಮಳೆಗೆ ಬೂಷ್ಟು ಬೇರೆ. ಇನ್ನು ರಬ್ಬರು ಕೂರುವ ಮೂತಿಯ ತುದಿಯಲ್ಲಿ ಸಣ್ಣ ದಂಡೆ ಉಂಟೋ ನೋಡಿ. ಇಲ್ಲದಿದ್ದರೆ ಎಳೆದಾಗ ಇಯರ್‌ಫೋನು ಹೊರಗೆ ಬರುತ್ತದೆ, ರಬ್ಬರು ಕಿವಿಯೊಳಗೇ ಬಿಡಾರ ಹೂಡುತ್ತದೆ. ಆ ದಂಡೆಗೆ ಅಂಕದ ಕಾಲಮ್ಮೇ ಇಲ್ಲ.

ವಿಮಾನದ ಸೀಟಿಗೆ ಚುಚ್ಚುವ ಎರಡು ಕಡ್ಡಿಯ ಅಡಾಪ್ಟರಿಗೆ ಉಂಟು. ಕಾಸರಗೋಡಿನವ ವಿಮಾನ ಹತ್ತುವುದು ಮಂಗಳೂರಿನಿಂದಲೋ ಕಣ್ಣೂರಿನಿಂದಲೋ, ಗಲ್ಫಿಗೆ, ಇದ್ದುದರಲ್ಲಿ ಕಡಿಮೆ ಟಿಕೇಟಿನಲ್ಲಿ. ಆ ಸೀಟಿನ ಬೆನ್ನಿಗೆ ಪರದೆಯೇ ಇಲ್ಲ, ತೂತು ಎಲ್ಲಿಂದ? ಈಗಿನ ಫೋನಿಗೆ ಬೇಕಾದದ್ದು ಟೈಪ್-ಸಿಯಿಂದ 3.5 ಮಿಲಿಮೀಟರಿಗೆ ಇಳಿಯುವ ಬಾಲ. ಅದು ಹೆಚ್ಚಾಗಿ ಪ್ರತ್ಯೇಕ ಮಾರಾಟಕ್ಕೆ.

ತೂತಿನ ಮಾತು ಬಂತಲ್ಲ. ಆ್ಯಪಲ್ 2016ರಲ್ಲಿ ಐಫೋನ್ 7ರಿಂದ ಇಯರ್‌ಫೋನ್ ಚುಚ್ಚುವ ತೂತು ತೆಗೆಯಿತು, 2020ರಲ್ಲಿ ಐಫೋನ್ 12ರ ಪೆಟ್ಟಿಗೆಯಿಂದ ಇಯರ್‌ಫೋನನ್ನೇ ತೆಗೆಯಿತು. ಪರಿಸರಕ್ಕಾಗಿ! ಫ್ರಾನ್ಸಿನಲ್ಲಿ ಮಾತ್ರ ಆಗ ಫೋನಿನ ಜೊತೆ ಇಯರ್‌ಫೋನ್ ಕೊಡಲೇಬೇಕೆಂಬ ಕಾನೂನಿತ್ತು. ಏನು ಮಾಡಿದರು? ಆ ಪರಿಸರಸ್ನೇಹಿ ಸಪುರ ಪೆಟ್ಟಿಗೆಯನ್ನೂ ಇಯರ್‌ಫೋನಿನ ಪೆಟ್ಟಿಗೆಯನ್ನೂ ಒಟ್ಟಿಗೆ ಇನ್ನೊಂದು ದೊಡ್ಡ ಪೆಟ್ಟಿಗೆಯೊಳಗೆ ಇಟ್ಟರು.

"ಚರ್ಮದಂಥ" ಕೇಸಿಗೆ ಕೆಲವು ಮಳೆಗಾಲ ತೋರಿಸಿ, ಮೇಲಿನ ಪದರ ಹಪ್ಪಳದ ಹಾಗೆ ಏಳುತ್ತದೆ. ಕೇಸು ಸಣ್ಣದಾದರೆ ವಯರನ್ನು ಬಿಗಿದು ಸುತ್ತಬೇಕು. ಪಿನ್ನಿನ ಬುಡದಲ್ಲಿ ತಂತಿ ಕಡಿಯುವುದು ಹಾಗೆಯೇ. ನಾಲ್ಕು ಬೆರಳಿಗೆ ಸಡಿಲ ಸುತ್ತಿ. ವಯರು ಕಳಚುವ ಜಾತಿಯದ್ದಾದರೆ 0.78 ಮಿಲಿಮೀಟರಿನ ಎರಡು ಪಿನ್ನನ್ನು ನೇರ ಎಳೆಯಿರಿ, ತಿರುಚಿದರೆ ಬಾಗುತ್ತದೆ.

ಇಡೀ ಪೆಟ್ಟಿಗೆಯಲ್ಲಿ ನಮ್ಮ ಊರಿಗೆಂದೇ ಹುಟ್ಟಿದ್ದು "ತಿನ್ನಬೇಡಿ" ಎಂದು ಇಂಗ್ಲಿಷಿನಲ್ಲಿ ಬೇಡಿಕೊಳ್ಳುವ ಸಿಲಿಕಾ ಪೊಟ್ಟಣ. ಎಲ್ಲರೂ ಮೊದಲು ಬಿಸಾಡುವುದು ಅದನ್ನೇ. ಗಾಳಿಯಾಡದ ಡಬ್ಬಿಯಲ್ಲಿ ಇಯರ್‌ಫೋನಿನ ಜೊತೆ ಹಾಕಿಟ್ಟರೆ ಪಿನ್ನಿಗೆ ಕಿಲುಬು ಬೇಗ ಹಿಡಿಯದು. ಹೊರಗಿಟ್ಟರೆ ಜೂನ್ ತಿಂಗಳ ಗಾಳಿಗೆ ಅದು ನೀರು ಕುಡಿದು ಬೇಗ ಸಾಯುತ್ತದೆ.

ಆರನೇ ತಿಂಗಳಿಗೆ ಒಂದು ಬದಿ ಸತ್ತರೆ "ಮೂಲ ಪೆಟ್ಟಿಗೆ ಸಹಿತ ಕಳಿಸಿ" ಎನ್ನುತ್ತಾರೆ. ಒಳಗಿನ ತಂತಿ ಕಡಿದದ್ದಕ್ಕೂ ಅಯಸ್ಕಾಂತದ ಮುಚ್ಚಳಕ್ಕೂ ಏನು ಸಂಬಂಧ? ದುಡ್ಡು ತೆಗೆದುಕೊಂಡವರು ಖಾಲಿ ರಟ್ಟು ಕಾಯುವ ಕೆಲಸವನ್ನೂ ಕೊಂಡವನ ತಲೆಗೇ ಹಾಕಿದ್ದಾರೆ. ಮುಡಿ ಇದ್ದ ಅಟ್ಟದಲ್ಲಿ ಈಗ ಖಾಲಿ ಪೆಟ್ಟಿಗೆ. ತಮಾಷೆ ಸಾಕು, ಇದು ಮೋಸ. ಆಮದು ಮಾಡಿದವನ ಹೆಸರು, ವಿಳಾಸ, ದೂರಿನ ನಂಬರು ಪೆಟ್ಟಿಗೆಯ ಮೇಲೆ ಇರಲೇಬೇಕೆಂದು 2011ರ ಪ್ಯಾಕೇಜ್ಡ್ ಸರಕುಗಳ ನಿಯಮ ಹೇಳುತ್ತದೆ. ಇರುತ್ತದೆ, ಸಾಸಿವೆ ಗಾತ್ರದ ಅಕ್ಷರದಲ್ಲಿ. ಬಿಚ್ಚಿದ ದಿನವೇ ಆ ಚೀಟಿಯ ಫೋಟೊ ತೆಗೆದಿಡಿ. ಅಯಸ್ಕಾಂತ ನೋಡಲಿಕ್ಕೆ ಆಮೇಲೂ ಸಮಯ ಉಂಟು.

ಕೈಪಿಡಿ? ಅದೂ ಉಂಟು, ಹತ್ತು ಮಡಿಕೆಯದ್ದು. ಚೀನೀ, ಇಂಗ್ಲಿಷ್, ಜಪಾನೀ, ಕೊರಿಯನ್, ರಷ್ಯನ್, ಹೀಗೆ. ಸಪ್ತಭಾಷಾ ಸಂಗಮ ಭೂಮಿ ಎಂದು ವೇದಿಕೆ ವೇದಿಕೆಯಲ್ಲಿ ಹೇಳಿಸಿಕೊಳ್ಳುವ ನಾಡು ನಮ್ಮದು. ಕನ್ನಡ, ಮಲಯಾಳ, ತುಳು, ಕೊಂಕಣಿ, ಬ್ಯಾರಿ, ಮರಾಠಿ, ಉರ್ದು. ಈ ಏಳರಲ್ಲಿ ಒಂದೂ ಅದರಲ್ಲಿಲ್ಲ. ಅರ್ಜಿ ನಮೂನೆಯನ್ನು ಕನ್ನಡದಲ್ಲಿ ಕೊಡಿ ಎಂದು, ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಕೇಳುತ್ತಾ ಬಂದವರಿಗೆ ಇದರಿಂದ ಆಘಾತವೇನೂ ಇಲ್ಲ. ಹತ್ತು ಮಡಿಕೆ ಬಿಡಿಸಿ, ಚಿತ್ರ ನೋಡಿ, ಯಾವುದು ಎಡ ಯಾವುದು ಬಲ ಎಂದು ಊಹಿಸುತ್ತೇವೆ. ಆ ಕಾಗದವನ್ನು ಪುನಃ ಅದೇ ಮಡಿಕೆಗೆ ತರಲು ಮಾತ್ರ ಯಾವ ಭಾಷೆಯವನಿಂದಲೂ ಆಗಿಲ್ಲ.