ಅವರ 1953, ನಮ್ಮ ‘ಹೊಳಿ ಬಂದ ವರ್ಷ’

2023ರ ಮಾರ್ಚಿನಲ್ಲಿ ನನ್ನ ಹೆಸರಿಗೆ ಒಂದು ಮತದಾನದ ಚೀಟಿ ಬಂತು. ನನ್ನದು ಇನ್ನೂ ಭಾರತದ ಪಾಸ್‌ಪೋರ್ಟ್. ನೆದರ್ಲೆಂಡ್ಸಿನ ಸಂಸತ್ತಿನ ಚುನಾವಣೆ ಬಂದಾಗ ನಾವು ಸುಮ್ಮನೆ ನೋಡುವವರು. ವಿಳಾಸ ತಪ್ಪಿ ಬಂದಿರಬೇಕೆಂದು ಪಕ್ಕದ ಮನೆಯ ಅಜ್ಜಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ಓದಿದರು. ಅದು ‘ವಾಟರ್‌ಸ್ಖಪ್’ ಚುನಾವಣೆಯ ಚೀಟಿ. ನಮ್ಮ ಮಾತಿನಲ್ಲಿ ನೀರಿನ ಪಂಚಾಯ್ತಿ ಅನ್ನಬಹುದು: ದಂಡೆ, ಕಾಲುವೆ, ಪಂಪು ನೋಡಿಕೊಳ್ಳಲಿಕ್ಕೆಂದೇ ಇರುವ, ತನ್ನದೇ ತೆರಿಗೆ ಎತ್ತುವ ಆಡಳಿತ. ಇಂಥವು ದೇಶದಲ್ಲಿ 21 ಇವೆ. ಕಾನೂನುಬದ್ಧವಾಗಿ ವಾಸವಿರುವ ಪರದೇಶದವರೂ ಇದಕ್ಕೆ ಓಟು ಹಾಕಬಹುದು. “ತೆರಿಗೆ ಕಟ್ಟುತ್ತೀಯಲ್ಲ, ಓಟೂ ಹಾಕು” ಅಂದರು ಅಜ್ಜಿ.

ಖುಷಿಯಾಯಿತು. ಅದೇ ಖುಷಿಯಲ್ಲಿ ಬಾಯಿಬಿಟ್ಟೆ. ನಮ್ಮೂರೂ ಹೊಳೆದಂಡೆಯದೇ, ಮಲಪ್ರಭೆ ಉಕ್ಕಿದರೆ ಅಗಸಿಬಾಗಿಲವರೆಗೂ ನೀರು ಅಂದೆ. ಅಜ್ಜಿ ಕಪ್ಪು ಕೆಳಗಿಟ್ಟು ಕೇಳಿದರು: “ದೊಡ್ಡದು ಬಂದದ್ದು ಯಾವ ವರ್ಷ? ನಿಮ್ಮೂರಲ್ಲಿ ಎಷ್ಟು ಜನ ಹೋದರು?”

2009 ಅಂದೆ. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಅಂದೆ. ನಮ್ಮೂರಲ್ಲಿ? ಬಾಯಿ ಕಟ್ಟಿತು. ಹುಟ್ಟಿ ಬೆಳೆದ ಊರು, ಅಲ್ಲಿ ಎಷ್ಟು ಹೆಣ ಎತ್ತಿದರೆಂದು ನನಗೆ ಗೊತ್ತಿರಲಿಲ್ಲ.

ಅವರಿಗೆ ಅವರ ಲೆಕ್ಕ ಗೊತ್ತಿತ್ತು. 1953ರ ಸಮುದ್ರದ ನೆರೆಯಲ್ಲಿ ಸತ್ತವರು 1836 ಜನ. ಅದರಲ್ಲಿ ಕೊನೆಯದೊಂದು, ಆ ರಾತ್ರಿಯೇ ಹುಟ್ಟಿ ಆ ರಾತ್ರಿಯೇ ನೀರುಪಾಲಾದ ಕೂಸು, ಯಾವ ದಾಖಲೆಗೂ ಏರದ್ದು. ಆದ್ದರಿಂದ ‘1835 ಮತ್ತು ಒಂದು’ ಎಂದು ಬಿಡಿಸಿ ಹೇಳುವುದೂ ಉಂಟಂತೆ.

ಅಜ್ಜಿ ಜೀಲೆಂಡ್ ಪ್ರಾಂತದ ಸ್ಖೌವೆನ್-ಡೈವ್‌ಲೆಂಡ್ ದ್ವೀಪದವರು. ಆಗ ಆರು ವರ್ಷ. 1953ರ ಜನವರಿ 31, ಶನಿವಾರ ರಾತ್ರಿ. ವಾಯವ್ಯದ ಬಿರುಗಾಳಿಗೆ ಹುಣ್ಣಿಮೆಯ ದೊಡ್ಡ ಉಬ್ಬರ ಜೊತೆಗೂಡಿತು. ಆಗ ರೇಡಿಯೊ ಮಧ್ಯರಾತ್ರಿಗೆ ಮುಗಿದುಹೋಗುತ್ತಿತ್ತು, ಎಚ್ಚರಿಸುವವರಿಲ್ಲ. ದಂಡೆಗಳು ಒಡೆದದ್ದು ಜನ ಮಲಗಿದ್ದಾಗ. ಅಪ್ಪ ಮಕ್ಕಳನ್ನು ಅಟ್ಟಕ್ಕೆ ಏರಿಸಿದ. ಬೆಳಿಗ್ಗೆ ನೀರು ಸ್ವಲ್ಪ ಇಳಿದಾಗ ಚಿಕ್ಕಪ್ಪ ದನ ನೋಡಿಬರುತ್ತೇನೆಂದು ಇಳಿದು ಹೋದ. ಭಾನುವಾರ ಮಧ್ಯಾಹ್ನ ಎರಡನೆಯ ಉಬ್ಬರ ಬಂತು, ಮೊದಲಿನದಕ್ಕಿಂತ ಎತ್ತರ. ಅಜ್ಜಿ ಇದನ್ನು ಹೇಳಿದ್ದು ಬಿಸ್ಕತ್ತಿನ ಡಬ್ಬಿ ನನ್ನ ಕಡೆ ಸರಿಸುತ್ತ. ಅವರ ಮನೆಯಲ್ಲಿ ಇವತ್ತಿಗೂ ಫೋಟೊ ಆಲ್ಬಮ್ಮುಗಳು ಕೆಳಗಿನ ಮಹಡಿಯಲ್ಲಿಲ್ಲ.

ನನಗೆ ನಾಟಿದ್ದು ಆ ರಾತ್ರಿಗಿಂತ ಹೆಚ್ಚಾಗಿ ಆ ವರ್ಷದ ಉಳಿದ ಹನ್ನೊಂದು ತಿಂಗಳು. ಇನ್ನೊಮ್ಮೆ ಹೀಗಾಗದಂತೆ ಏನು ಮಾಡಬೇಕೆಂದು ಹೇಳಲು ಮೂರು ವಾರದೊಳಗೆ ಡೆಲ್ಟಾ ಸಮಿತಿ ಕೂತಿತು. ‘ಪರ್ಸು ತೆರೆಯಿರಿ, ದಂಡೆ ಮುಚ್ಚಿರಿ’ ಎಂದು ಅದೇ ರೇಡಿಯೊ ಹಣ ಎತ್ತಿತು. ಕಟ್ಟಕಡೆಯ ಬಿರುಕು ಔವರ್‌ಕರ್ಕ್ ಎಂಬ ಹಳ್ಳಿಯ ಹತ್ತಿರದ್ದು. ಅದನ್ನು ನವೆಂಬರ್ 6ರ ರಾತ್ರಿ ಮುಚ್ಚಿದರು, ಎರಡನೆಯ ಮಹಾಯುದ್ಧದ ಬಂದರುಗಳಿಗೆಂದು ಮಾಡಿದ ದೈತ್ಯ ಕಾಂಕ್ರೀಟು ಪೆಟ್ಟಿಗೆಗಳನ್ನು ತೇಲಿಸಿ ತಂದು ಮುಳುಗಿಸಿ. ಈಗ ಆ ಪೆಟ್ಟಿಗೆಗಳ ಒಳಗೇ ಮ್ಯೂಸಿಯಂ ಇದೆ. ಕಳೆದ ವರ್ಷ ಹೋಗಿದ್ದೆ. ಹೊರಗೆ ಬಿಸಿಲಿದ್ದರೂ ಒಳಗೆ ನೆಲಮಾಳಿಗೆಯ ತಂಪು, ಸತ್ತವರ ಹೆಸರುಗಳು, ಶಾಲೆಯ ಮಕ್ಕಳ ಪಿಸುಮಾತು. ಮುಂದೆ 1958ರಲ್ಲಿ ಆ ಸಮಿತಿಯ ಯೋಜನೆಗೆ ಕಾಯ್ದೆಯಾಯಿತು. 1986ರಲ್ಲಿ ಓಸ್ಟರ್‌ಸ್ಖೆಲ್ಡೆ ತಡೆಗೋಡೆಯ ಉದ್ಘಾಟನೆಯಾಯಿತು, ಬಿರುಗಾಳಿ ಬಂದರೆ ಸಮುದ್ರಕ್ಕೆ ಅಡ್ಡ ಮುಚ್ಚುವ 62 ಬಾಗಿಲುಗಳದ್ದು. ನನ್ನ ಮನೆ ಇರುವುದು ರಾಟರ್‌ಡ್ಯಾಮಿನ ಅಂಚಿನಲ್ಲಿ, ಸಮುದ್ರಮಟ್ಟಕ್ಕಿಂತ ಸುಮಾರು ಆರು ಮೀಟರ್ ಕೆಳಗೆ. ಮಳೆ ಹೊಯ್ದರೆ ನಾನು ಮಗ್ಗುಲು ಬದಲಿಸಿ ಮಲಗುತ್ತೇನೆ. ವರ್ಷಕ್ಕೊಮ್ಮೆ ನೀರಿನ ಪಂಚಾಯ್ತಿಯ ಬಿಲ್ಲು ಬಂದಾಗ ಮಾತ್ರ ಎದೆ ಧಸಕ್ಕೆನ್ನುತ್ತದೆ.

ಇನ್ನು ನಮ್ಮದು. 2009ರ ಹೊಳೆ ಇಳಿದ ಮೇಲೆ ಹನುಮಪ್ಪನ ಗುಡಿಯ ಗೋಡೆಗೆ ಯಾರೋ ಸುಣ್ಣದಲ್ಲಿ ಗೆರೆ ಎಳೆದರು, ನೀರು ಇಲ್ಲಿತನಕ ಬಂದಿತ್ತೆಂದು. ಎರಡು ವರ್ಷಕ್ಕೆ ಗುಡಿಗೆ ಬಣ್ಣ ಬಳಿದರು, ಗೆರೆ ಹೋಯಿತು. ಎರಿಹೊಲದಲ್ಲಿ ಹೊಸ ಊರು ಕಟ್ಟಿಕೊಟ್ಟರು: ಸಾಲಾಗಿ ಮನೆ, ದನ ಕಟ್ಟಲು ಜಾಗವಿಲ್ಲ, ಹೊಲಕ್ಕೆ ಹೋಗಬೇಕೆಂದರೆ ಎರಡು ಮೈಲಿ ನಡೆಯಬೇಕು. ಯಾರು ಹೋಗುತ್ತಾರೆ? ಕೆಲವು ಮನೆಗಳಲ್ಲಿ ಕಣಕಿ ಒಟ್ಟಿದರು, ಉಳಿದವುಗಳಲ್ಲಿ ಜಾಲಿ ಬೆಳೆಯಿತು. 2019ರ ಆಗಸ್ಟಿನಲ್ಲಿ ಮತ್ತೆ ಹೊಳೆ ಬಂತು. ಪಟ್ಟದಕಲ್ಲಿನ ಗುಡಿಗಳು ನೀರಿನಲ್ಲಿ ನಿಂತ ಫೋಟೊಗಳು ನನ್ನ ಫೋನಿಗೆ ಇಪ್ಪತ್ತು ಕಡೆಯಿಂದ ಬಂದವು. ‘ಅಯ್ಯೋ’ ಅಂದವರಲ್ಲಿ ನಾನೂ ಒಬ್ಬ. ಹತ್ತು ವರ್ಷದ ಹಿಂದಿನ ಗೆರೆಗಿಂತ ಇದು ಮೇಲೋ ಕೆಳಗೋ ಎಂದು ಹೇಳುವ ಗುರುತು ಊರಲ್ಲಿರಲಿಲ್ಲ. ಪರಿಹಾರದ ಪಟ್ಟಿಯಲ್ಲಿ ಯಾರ ಹೆಸರು ಸೇರಿತು, ಯಾರದ್ದು ಬಿತ್ತು ಎಂಬುದು ಮಾತ್ರ ಎಲ್ಲರಿಗೂ ಬಾಯಿಪಾಠ. ನಮ್ಮಲ್ಲಿ ನೆರೆಯ ಆಯುಷ್ಯ ಚೆಕ್ಕು ಬರುವವರೆಗೆ.

ಹೀಗೆ ಬರೆದು ಒಂದು ವಾರ ಇಟ್ಟಿದ್ದೆ. ಕಟುವಾಯಿತೇನೋ ಅನಿಸುತ್ತಿದೆ, ಒಪ್ಪಿಕೊಳ್ಳಲು ಮನಸ್ಸಿಲ್ಲದಿದ್ದರೂ ಹೇಳುತ್ತೇನೆ. 1953ಕ್ಕೆ ಮೊದಲು ಡಚ್ಚರೂ ನಮ್ಮಂತೆಯೇ ಇದ್ದರು. ದಂಡೆಗಳು ಸಾಲದೆಂದು ಯೊಹಾನ್ ವಾನ್ ವೇನ್ ಎಂಬ ಎಂಜಿನಿಯರು ಮಹಾಯುದ್ಧಕ್ಕೂ ಮೊದಲಿನಿಂದ ಎಚ್ಚರಿಸುತ್ತಲೇ ಇದ್ದ. ಜೀಲೆಂಡಿನಲ್ಲಿ 1906ರ ನೆರೆಯ ನಂತರ ದಂಡೆ ಎತ್ತರಿಸಲು ಖರ್ಚು ಜಾಸ್ತಿಯೆಂದು ದಂಡೆಯ ತಲೆಯ ಮೇಲೆ ಗಿಡ್ಡ ಕಾಂಕ್ರೀಟು ಗೋಡೆ ಕೂರಿಸಿದ್ದರು, ತೇಪೆ ಹಚ್ಚಿದ ಹಾಗೆ. ರಾಟರ್‌ಡ್ಯಾಮಿನ ಹತ್ತಿರದ ದಂಡೆಯೊಂದು ಅಂದು ಉಳಿದದ್ದು ಯೋಜನೆಯಿಂದಲ್ಲ. ಆರಿ ಏವೆಖ್ರೂನ್ ಎಂಬ ನಾವಿಕ ತನ್ನ ‘ಇಬ್ಬರು ಅಣ್ಣತಮ್ಮಂದಿರು’ ಹೆಸರಿನ ಸರಕು ದೋಣಿಯನ್ನು ಬಿರುಕಿಗೆ ಅಡ್ಡ ತಂದು ಒರಗಿಸಿದ. ಅದರ ಸ್ಮಾರಕದ ಪಕ್ಕದಲ್ಲೇ ನಾನು ಸೈಕಲ್ ಹೊಡೆಯುವುದು. ಅದೂ ಅಲ್ಲದೆ ಅವರಿಗೆ 1953 ಒಂದೇ ಸಲ ಬಂತು, ಎದ್ದು ಕೂತು ಲೆಕ್ಕ ಹಾಕಲು ಪುರಸೊತ್ತು ಸಿಕ್ಕಿತು. ನಮ್ಮ ಕಡೆ ಹೊಳೆ ಇಳಿದು ಎರಡು ವರ್ಷಕ್ಕೆ ಬರ.

ಆ ಭಾನುವಾರ ಅವ್ವನಿಗೆ ಫೋನ್ ಮಾಡಿ ಕೇಳಿಯೇಬಿಟ್ಟೆ: 2009ರಾಗ ನಮ್ಮೂರಾಗ ಯಾರ್‍ಯಾರು ಸತ್ರು?

“ಒಂಬತ್ತು ಗಿಂಬತ್ತು ನನಗ ತಿಳಿಯಂಗಿಲ್ಲೊ. ನಿಮ್ಮ ಕಾಕಾನ ಎಮ್ಮಿ ಹೋದ ವರ್ಷದ ಹೊಳಿ ಏನು? ಅವಾಗ ಕುಂಬಾರ ಮುದುಕಿ ಹೋದ್ಲು, ರಾತ್ರಿ ಗ್ವಾಡಿ ಬಿದ್ದು. ಬಾಜೂಕ ಮಲಗಿದ್ದ ಮೊಮ್ಮಗಳು. ಆ ಕೂಸಿಗೆ ಅವತ್ತ ನಾನ ಉಗ್ಗಿ ಮಾಡಿ ತಿನಿಸಿದ್ದೆ.” ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಮತ್ತ ಮಠದ ಓಣಿ ಹುಡುಗ, ಎತ್ತು ಬಿಚ್ಚಾಕ ಹೋದಾಂವ.”

ಮೂರು. ಇಷ್ಟು ದಿನ ನಾನು ಕೇಳಿರಲೇ ಇಲ್ಲ.

“ಈಗ್ಯಾಕ ಕೇಳಾಕತ್ತಿ ಅದನ್ನ? ಅಲ್ಲೇನರ ಮಳಿ ಹತ್ತೇತೇನು? ನಿನ್ನ ಮನಿ ಎತ್ತರದಾಗ ಐತಿ ಹೌದಿಲ್ಲೊ?”

ಹೂಂ ಅಂದೆ.