ಸೀದ ರೊಟ್ಟಿಯ ದೊರೆ

"ರೀ, ಮೂರು ಕೂಗಿದ ಮೇಲೆ ಆಫ್ ಮಾಡ್ಬಿಡಿ" ಎಂದು ಹೇಳಿ ಹೆಂಡತಿ ಬಟ್ಟೆ ಒಣಹಾಕಲು ಮಹಡಿಗೆ ಹೋದಳು. ನಾನು ಪೇಪರಿನಿಂದ ತಲೆಯೆತ್ತದೆ ಹೂಂ ಅಂದೆ. ಕುಕ್ಕರಿನ ಮೊದಲ ಕೂಗು ಕೇಳಿಸಿದ್ದು ನೆನಪಿದೆ. ಎರಡನೆಯದು ನಮ್ಮ ಮನೆಯದೋ ಪಕ್ಕದ ಮನೆಯದೋ ಅಂತ ಅನುಮಾನ ಬಂತು. ಆಮೇಲೆ ಮೂಗಿಗೆ ಬಡಿದದ್ದು ಬೇಳೆ ಸೀದ ವಾಸನೆ.

ಇಂಥ ಹೊತ್ತಿನಲ್ಲಿ ನನ್ನ ಪರವಾಗಿ ನಿಲ್ಲುವವನು ಒಬ್ಬನೇ. ಇಂಗ್ಲೆಂಡಿನ ವೆಸೆಕ್ಸ್ ರಾಜ್ಯ ಆಳಿದ ಆಲ್ಫ್ರೆಡ್ ದೊರೆ.

878ರ ಚಳಿಗಾಲ. ಡೆನ್ಮಾರ್ಕ್ ಕಡೆಯಿಂದ ಬಂದ ಡೇನರ ದಂಡು ಮೇಲೆ ಬಿದ್ದು, ಆಲ್ಫ್ರೆಡ್ ಬೆರಳೆಣಿಕೆಯ ಜನರೊಂದಿಗೆ ಸಾಮರ್‌ಸೆಟ್‌ನ ಜೌಗುನೆಲದೊಳಗೆ ತಲೆಮರೆಸಿಕೊಂಡಿದ್ದ. ಆಥೆಲ್ನಿ ಅಂತ ಆ ಜಾಗದ ಹೆಸರು. ಅಲ್ಲೊಬ್ಬ ದನ ಕಾಯುವವನ ಗುಡಿಸಲು. ಅವನ ಹೆಂಡತಿ ಒಲೆಯಲ್ಲಿ ರೊಟ್ಟಿ ಇಟ್ಟಿದ್ದಳು. ದೊರೆ ಒಲೆ ಪಕ್ಕ ಕೂತು ಬಿಲ್ಲುಬಾಣ ಸರಿಮಾಡಿಕೊಳ್ಳುತ್ತಾ ಏನೋ ಯೋಚನೆಯಲ್ಲಿದ್ದ. ರೊಟ್ಟಿ ಕರಕಲಾಯಿತು. ಅವಳಿಗೇನು ಗೊತ್ತು ಇವನು ರಾಜ ಅಂತ? ಸರಿಯಾಗಿ ಬೈದಳು. ಸೀಯುತ್ತಿರೋದು ಕಣ್ಣಿಗೆ ಕಂಡರೂ ಮಗುಚಿ ಹಾಕೋಕೆ ಸೋಮಾರಿತನ, ತಿನ್ನೋಕೆ ಮಾತ್ರ ಬಿಸಿಬಿಸಿ ಬೇಕು ಅಂತ. ಸಾವಿರ ವರ್ಷ ಹಳೆಯ ಬೈಗುಳ. ನಮ್ಮ ಅಡುಗೆಮನೆಯಲ್ಲಿ ಇವತ್ತಿಗೂ ಚಲಾವಣೆಯಲ್ಲಿದೆ.

ಅದೇ ಮೇ ತಿಂಗಳಲ್ಲಿ ಅವನು ಎಡಿಂಗ್ಟನ್‌ನಲ್ಲಿ ಡೇನರನ್ನು ಸೋಲಿಸಿದ. ಅವರ ನಾಯಕ ಗುತ್ರಮ್‌ನನ್ನು ಕ್ರೈಸ್ತನನ್ನಾಗಿಯೂ ಮಾಡಿದ. ಆದರೆ ಜನಕ್ಕೆ ನೆನಪಿರೋದು ರೊಟ್ಟಿ. ತಮಾಷೆ ಏನೆಂದರೆ, ಅವನ ಕಾಲದಲ್ಲೇ ಇದ್ದು, 893ರಲ್ಲಿ ಅವನ ಚರಿತ್ರೆ ಬರೆದ ಆಸರ್ ಎಂಬ ಪಾದ್ರಿ ಈ ರೊಟ್ಟಿಯ ಸುದ್ದಿಯನ್ನೇ ಎತ್ತಿಲ್ಲ. ಕತೆ ಹುಟ್ಟಿದ್ದು ಸುಮಾರು ನೂರು ವರ್ಷ ಆದಮೇಲೆ. ಹಾಗಾಗಿ ರೊಟ್ಟಿ ಸೀದೇ ಇರಲಿಲ್ಲ ಅನ್ನೋದೇ ಜಾಸ್ತಿ ಸರಿ. ನಾನಂತೂ ಅದನ್ನು ಮನೆಯಲ್ಲಿ ಹೇಳಿಲ್ಲ.

ಈ ಕತೆ ಆ ಜನರ ಬಾಯಲ್ಲಿ ನಿಂತದ್ದಕ್ಕೆ ಅವರ ಮಾತೇ ಕಾರಣವಿರಬಹುದು ಅಂತ ನನ್ನ ಊಹೆ. 'ಲಾರ್ಡ್' ಅಂತೀವಲ್ಲ, ಅದರ ಹಳೆಯ ರೂಪ 'ಹ್ಲಾಫ್‌ವಿಯರ್ಡ್'. ಹ್ಲಾಫ್ ಅಂದರೆ ರೊಟ್ಟಿ, ವಿಯರ್ಡ್ ಅಂದರೆ ಕಾಯುವವನು. ಧಣಿ ಅಂದರೆ ರೊಟ್ಟಿ ಕಾಯುವವನು! ಅವನಿಗೆ ಕೊಟ್ಟದ್ದು ಅದೊಂದೇ ಕೆಲಸ, ಅದೂ ಆಗಲಿಲ್ಲ. 'ಲೇಡಿ' ಅಂದರೆ ಹಿಟ್ಟು ನಾದುವವಳು. ಇನ್ನು ಆಳು? ಅವನು 'ರೊಟ್ಟಿ ತಿನ್ನುವವನು'. ಕೆಂಟ್ ರಾಜ್ಯದ ಎಥೆಲ್‌ಬರ್ಟ್ ದೊರೆ ಕ್ರಿ.ಶ. 600ರ ಆಸುಪಾಸಿನಲ್ಲಿ ಬರೆಸಿದ ಕಾನೂನಿನಲ್ಲಿ ಈ ಮಾತು ಬರುತ್ತದೆ. ರೈತನೊಬ್ಬನ ರೊಟ್ಟಿ ತಿನ್ನುವವನನ್ನು ಕೊಂದರೆ ದಂಡ 6 ಶಿಲಿಂಗ್. ನಮ್ಮಲ್ಲಿ ಉಪ್ಪಿನ ಋಣ, ಅವರಲ್ಲಿ ರೊಟ್ಟಿಯದು.

ರೊಟ್ಟಿಯ ಹಿಂದಿನ ಕೈಗಳು ಯಾರವು ಅಂತ ನೋಡಬೇಕಾದರೆ ಎಲ್ಫ್ರಿಕ್ ಎಂಬ ಸನ್ಯಾಸಿ ಮೇಷ್ಟ್ರ ಹತ್ತಿರ ಹೋಗಬೇಕು. ಸುಮಾರು 1000ನೇ ಇಸವಿಯಲ್ಲಿ ಹುಡುಗರಿಗೆ ಲ್ಯಾಟಿನ್ ಕಲಿಸಲು ಅವನೊಂದು ಸಂಭಾಷಣೆ ಬರೆದ. ಒಬ್ಬ ಹುಡುಗ ನೇಗಿಲು ಹೂಡುವವನಂತೆ, ಒಬ್ಬ ಬೆಸ್ತ, ಒಬ್ಬ ಅಡುಗೆಯವನು. ಹೊಲ ಉಳುವವನ ಮಾತು ಕೇಳಿ: ನಸುಕಿನಲ್ಲೇ ಎತ್ತು ಹೊಡಕೊಂಡು ಹೋಗಬೇಕು. ಎಂಥಾ ಚಳಿಯಿದ್ದರೂ ಮನೆಯಲ್ಲಿ ಕೂರುವಂತಿಲ್ಲ, ಧಣಿಯ ಭಯ. ದಿನಕ್ಕೆ ಒಂದು ಎಕರೆಯಾದರೂ ಉಳಬೇಕು. ಎತ್ತುಗಳನ್ನು ಚುಚ್ಚಿ ಓಡಿಸಲು ಒಬ್ಬ ಹುಡುಗ ಜೊತೆಗಿದ್ದಾನೆ. ಚಳಿಗೂ ಕೂಗಾಟಕ್ಕೂ ಅವನ ಗಂಟಲು ಕಟ್ಟಿಹೋಗಿದೆ. ಯಾಕಿಷ್ಟು ಕಷ್ಟ ಅಂದರೆ, ನಾನು ಸ್ವತಂತ್ರನಲ್ಲವಲ್ಲ ಅನ್ನುತ್ತಾನೆ. ವ್ಯಾಕರಣದ ಪಾಠದ ಮಧ್ಯೆ ಆ ಗಂಟಲು ಕಟ್ಟಿದ ಹುಡುಗ ಹೇಗೆ ಬಂದು ಸೇರಿಕೊಂಡನೋ!

ಅಡುಗೆಯವನು ಮಾತ್ರ ಜೋರು. ನಿನ್ನ ಅಗತ್ಯವೇನಿದೆ, ನಾವೇ ಬೇಯಿಸಿಕೊಳ್ತೀವಿ ಅಂದವರಿಗೆ, ನನ್ನನ್ನು ಓಡಿಸಿದರೆ ನೀವೆಲ್ಲ ಆಳುಗಳೇ ಆಗ್ತೀರಿ, ಧಣಿ ಅಂತ ಒಬ್ಬನೂ ಉಳಿಯೋದಿಲ್ಲ ಅಂತಾನೆ. ಆಥೆಲ್ನಿಯ ಗುಡಿಸಲಲ್ಲಿ ಆದದ್ದೂ ಹೆಚ್ಚುಕಮ್ಮಿ ಅದೇ ಅಲ್ವಾ?

ಆಸರ್ ಬರೆದಿರುವ ಇನ್ನೊಂದು ಸಂಗತಿ ನನಗೆ ಇಷ್ಟ. ಹೊತ್ತು ತಿಳಿಯಲು ಆಲ್ಫ್ರೆಡ್ ಮೇಣದಬತ್ತಿ ಮಾಡಿಸಿದ. ಒಂದೊಂದೂ 12 ಅಂಗುಲ, ನಾಲ್ಕು ಗಂಟೆ ಉರಿಯುವಂಥದ್ದು. ಆರು ಬತ್ತಿ ಮುಗಿದರೆ ಒಂದು ದಿನ. ಗಾಳಿಗೆ ಬೇಗ ಉರಿದುಹೋಗುತ್ತಿದ್ದವು ಅಂತ ಎತ್ತಿನ ಕೊಂಬನ್ನು ತೆಳ್ಳಗೆ ಹೆರೆದು, ಮರದ ಚೌಕಟ್ಟಿಗೆ ಕೂರಿಸಿ ಲಾಂದ್ರ ಮಾಡಿಸಿದನಂತೆ. ದೇವರ ಸೇವೆಗೆ ಹೊತ್ತು ಸರಿಯಾಗಿ ಹಂಚಲು ಅಂತ ಕಾರಣ ಕೊಟ್ಟಿದ್ದಾನೆ. ಇರಬಹುದು. ಒಮ್ಮೆ ರೊಟ್ಟಿ ಸುಟ್ಟವನಿಗೆ ಅಂಥದ್ದೊಂದು ಬೇಕಾಗಿಯೂ ಇತ್ತು.

ಇದನ್ನೆಲ್ಲ ಕುಕ್ಕರಿನ ತಳ ತಿಕ್ಕುತ್ತಾ ಹೆಂಡತಿಗೆ ಹೇಳಿದೆ. ಅವಳು ಬಕೆಟ್ ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡಳು.

"ಆಮೇಲೆ ಒಲೆ ಯಾರು ಕ್ಲೀನ್ ಮಾಡಿದ್ರು?"

ಆಸರ್ ಅದನ್ನೂ ಬರೆದಿಲ್ಲ.